ಅಂಕಿಯ ಜೊತೆ ಬರುವ ಭೌತಶಾಸ್ತ್ರದ ಪದ ಸಡಿಲವಾಗದಿರಲಿ

ಮಾನ್ಯ ಸಂಪಾದಕರಿಗೆ,

ವಂದನೆಗಳು.

‘ಈ ಸೌರ ಸ್ಥಾವರವು ದಿನಕ್ಕೆ 50 ಮೆಗಾವಾಟ್ ವಿದ್ಯುತ್ ಉತ್ಪಾದಿಸಲಿದೆ.’ ಇಂಥ ವಾಕ್ಯಗಳು ಕನ್ನಡ ಪತ್ರಿಕೆಗಳಲ್ಲಿ ಎಷ್ಟು ಸಲೀಸಾಗಿ ಬಂದುಹೋಗುತ್ತವೆಂದರೆ, ಅವುಗಳಲ್ಲಿ ತಪ್ಪಿದೆ ಎಂದವರೇ ಕೊಂಕು ಹುಡುಕುವವರಂತೆ ಕಾಣುತ್ತಾರೆ. ವಾಕ್ಯದ ವ್ಯಾಕರಣ ಸರಿಯಾಗಿದೆ, ಅಂಕಿಯೂ ಬಹುಶಃ ಸರಿಯಾಗಿಯೇ ಇರುತ್ತದೆ. ಆದರೂ ಆ ಸ್ಥಾವರದಿಂದ ಎಷ್ಟು ವಿದ್ಯುತ್ ಸಿಗುತ್ತದೆ ಎಂದು ತಿಳಿಯಲು ಹೊರಟ ಓದುಗರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಭೌತಶಾಸ್ತ್ರದ ಪದಗಳು ಸುದ್ದಿಯ ಭಾಷೆಗೆ ಬಂದಾಗ ಅವುಗಳಿಗೆ ಒದಗುವ ಈ ಬಗೆಯ ಗತಿಯನ್ನು ಕುರಿತು ಕೆಲವು ಮಾತುಗಳನ್ನು ತಮ್ಮ ಗಮನಕ್ಕೆ ತರಲು ಬಯಸುತ್ತೇನೆ.

ಮೊದಲಿಗೆ ಒಂದು ವಿಷಯವನ್ನು ಸ್ಪಷ್ಟಪಡಿಸಬೇಕು. ಶಕ್ತಿ, ಬಲ, ಸಾಮರ್ಥ್ಯ, ಒತ್ತಡ, ವೇಗ, ಭಾರ ಇವೆಲ್ಲ ಭೌತಶಾಸ್ತ್ರ ಹುಟ್ಟುವುದಕ್ಕೆ ಬಹಳ ಹಿಂದೆಯೇ ಜನರ ಬಾಯಲ್ಲಿದ್ದ ಪದಗಳು, ಆ ಶಾಸ್ತ್ರಕ್ಕೆ ಅವುಗಳ ಮೇಲೆ ಯಾವ ಒಡೆತನವೂ ಇಲ್ಲ. ‘ಒತ್ತಡಕ್ಕೆ ಮಣಿದ ಸರ್ಕಾರ’ ಎಂಬ ಶೀರ್ಷಿಕೆಯನ್ನು ನೋಡಿ ಎಷ್ಟು ಪಾಸ್ಕಲ್ (ಒತ್ತಡದ ಏಕಮಾನ) ಎಂದು ಕೇಳುವಷ್ಟು ರಸಹೀನರು ಯಾರೂ ಇರಲಾರರು. ಇಚ್ಛಾಶಕ್ತಿ, ಜನಬಲ, ಮಾತಿನ ತೂಕ ಇವುಗಳ ಸೊಬಗು ಇರುವುದೇ ಅವುಗಳ ಸಡಿಲದಲ್ಲಿ. ನನ್ನ ತಕರಾರು ಬಹಳ ಸೀಮಿತವಾದದ್ದು: ಪದದ ಪಕ್ಕದಲ್ಲಿ ಒಂದು ಅಂಕಿ ಮತ್ತು ಒಂದು ಏಕಮಾನ ಬಂದು ನಿಂತ ಕ್ಷಣದಿಂದ ಅದು ಅಳೆದ ಪರಿಮಾಣವೊಂದರ ಹೆಸರಾಗುತ್ತದೆ, ಆಗ ಅದಕ್ಕೆ ಒಂದೇ ಅರ್ಥವಿರಬೇಕು. ಅಂಕಿಯಿಲ್ಲದ ಕಡೆ ಬರಹಗಾರರಿಗೆ ಇರುವ ಸ್ವಾತಂತ್ರ್ಯ ಅಂಕಿ ಇರುವ ಕಡೆ ಇರುವುದಿಲ್ಲ.

ಮೇಲಿನ ವಾಕ್ಯವನ್ನೇ ನೋಡೋಣ. ಶಾಲೆಯ ಕನ್ನಡ ಪಠ್ಯಗಳಲ್ಲಿ ಕೆಲಸ ಮಾಡಬಲ್ಲ ಕ್ಷಮತೆಗೆ ಶಕ್ತಿ ಎಂದೂ, ಆ ಕೆಲಸ ನಡೆಯುವ ದರಕ್ಕೆ ಸಾಮರ್ಥ್ಯ ಎಂದೂ ಹೆಸರಿದೆ. ಶಕ್ತಿಯನ್ನು ಜೌಲ್‌ನಲ್ಲಿ ಅಳೆಯುತ್ತೇವೆ, ಸೆಕೆಂಡಿಗೆ ಒಂದು ಜೌಲ್ ಎಂಬ ದರವೇ ಒಂದು ವಾಟ್. ಅಂದರೆ ವಾಟ್ ಎಂಬ ಏಕಮಾನದೊಳಗೆ ‘ಇಷ್ಟು ಹೊತ್ತಿಗೆ ಇಷ್ಟು’ ಎಂಬ ಭಾವ ಆಗಲೇ ಸೇರಿಕೊಂಡಿದೆ. ಹಾಗಿರುವಾಗ ‘ದಿನಕ್ಕೆ 50 ಮೆಗಾವಾಟ್’ ಎನ್ನುವುದು, ಎಷ್ಟು ದೂರ ಹೋದಿರಿ ಎಂದು ಕೇಳಿದವರಿಗೆ ‘ದಿನಕ್ಕೆ, ಗಂಟೆಗೆ 60 ಕಿಲೋಮೀಟರ್’ ಎಂದು ಉತ್ತರ ಕೊಟ್ಟಂತೆ. ಕೇಳಿದ್ದು ದೂರವನ್ನು, ಸಿಕ್ಕಿದ್ದು ವೇಗ, ಅದಕ್ಕೂ ಮೇಲೊಂದು ‘ದಿನಕ್ಕೆ’.

ಈಗ ಓದುಗರು ಈ ವಾಕ್ಯವನ್ನು ಎಷ್ಟು ಬಗೆಯಲ್ಲಿ ಅರ್ಥ ಮಾಡಿಕೊಳ್ಳಬಹುದು ಎಂದು ಲೆಕ್ಕ ಹಾಕೋಣ. ಮೆಗಾವಾಟ್ ಎಂದು ಬರೆದದ್ದು ಮೆಗಾವಾಟ್-ಅವರ್ ಇರಬೇಕೆಂದುಕೊಂಡರೆ ದಿನದ ಉತ್ಪಾದನೆ 50,000 ಯೂನಿಟ್ ಆಗುತ್ತದೆ (ಒಂದು ಯೂನಿಟ್ ಎಂದರೆ ಒಂದು ಕಿಲೋವಾಟ್-ಅವರ್). ಸ್ಥಾವರವು ಇಡೀ ದಿನ 50 ಮೆಗಾವಾಟ್ ದರದಲ್ಲಿ ನಡೆಯುತ್ತದೆ ಎಂದುಕೊಂಡರೆ 50ನ್ನು 24ರಿಂದ ಗುಣಿಸಿ 1,200 ಮೆಗಾವಾಟ್-ಅವರ್, ಅಂದರೆ 12 ಲಕ್ಷ ಯೂನಿಟ್ ಸಿಗುತ್ತದೆ. ಆದರೆ ರಾತ್ರಿ ಸೂರ್ಯನಿಲ್ಲ, ಬೆಳಿಗ್ಗೆ ಸಂಜೆ ಬಿಸಿಲು ಓರೆಯಾಗಿ ಬೀಳುತ್ತದೆ, ಮೋಡವೂ ಇರುತ್ತದೆ. ಒಳ್ಳೆಯ ಬಿಸಿಲಿರುವ ಪ್ರದೇಶದಲ್ಲಿ ಸೌರ ಸ್ಥಾವರದ ವರ್ಷದ ಸರಾಸರಿ ಉತ್ಪಾದನೆ ಅದರ ಗರಿಷ್ಠ ದರದ ಸುಮಾರು ಐದನೇ ಒಂದು ಭಾಗದಷ್ಟಿರುತ್ತದೆ ಎಂದು ಹಿಡಿದರೆ, ನಿಜವಾದ ಉತ್ತರ ದಿನಕ್ಕೆ ಸರಿಸುಮಾರು 2.4 ಲಕ್ಷ ಯೂನಿಟ್. ಒಂದೇ ವಾಕ್ಯಕ್ಕೆ 50 ಸಾವಿರ, 2.4 ಲಕ್ಷ, 12 ಲಕ್ಷ ಎಂಬ ಮೂರು ಉತ್ತರಗಳು! ಸ್ಥಾವರಕ್ಕೆ ಸುರಿದ ಹಣ ಸಾರ್ಥಕವೇ, ಹೊಗಳಿಕೆಗೆ ಆಧಾರವಿದೆಯೇ ಎಂದು ಓದುಗರು ತೂಗಿ ನೋಡಬೇಕಾದ ಜಾಗವಿದು. ಅಲ್ಲಿಯೇ ತಕ್ಕಡಿ ಕೈಕೊಡುತ್ತದೆ.

ಈ ತಪ್ಪು ಹೇಗೆ ನುಸುಳುತ್ತದೆ ಎಂಬುದನ್ನು ಊಹಿಸುವುದು ಕಷ್ಟವಲ್ಲ. ಸುದ್ದಿಸಂಸ್ಥೆಯ ಇಂಗ್ಲಿಷ್ ಪ್ರತಿಯಲ್ಲಿ ಏಕಮಾನದ ಕೊನೆಯಲ್ಲಿರುವ ‘ಅವರ್’ ಎಂಬ ಬಾಲ ಅನುವಾದಕರ ಕಣ್ಣಿಗೆ ಅನವಶ್ಯಕವೆಂದು ಕಾಣುತ್ತದೆ, ಹಾಗಾಗಿ ಕತ್ತರಿಸಿಹೋಗುತ್ತದೆ. ಇಲ್ಲವೇ ಅದನ್ನು ‘ಗಂಟೆಗೆ ಇಷ್ಟು ಕಿಲೋವಾಟ್’ ಎಂದು ಬಿಡಿಸಿ ಬರೆಯುತ್ತಾರೆ. ಎರಡನೆಯದು ಹೆಚ್ಚು ಅಪಾಯಕಾರಿ. ಏಕೆಂದರೆ ಕಿಲೋವಾಟ್-ಅವರ್ ಎಂಬುದು ಗುಣಾಕಾರ, ಒಂದು ಕಿಲೋವಾಟ್ ದರದಲ್ಲಿ ಒಂದು ಗಂಟೆ ಕಾಲ ಬಳಸಿದ ಒಟ್ಟು ಶಕ್ತಿ, ಅಂದರೆ 36 ಲಕ್ಷ ಜೌಲ್. ‘ಗಂಟೆಗೆ’ ಎಂದೊಡನೆ ಅದು ಭಾಗಾಕಾರವಾಗಿಬಿಡುತ್ತದೆ. ಬ್ಯಾಟರಿ ಸಂಗ್ರಹಾಗಾರಗಳ ಸುದ್ದಿಗಳು ಹೆಚ್ಚುತ್ತಿರುವ ಈ ದಿನಗಳಲ್ಲಿ ಇದರ ಪರಿಣಾಮ ಇನ್ನೂ ಗಂಭೀರ. ‘100 ಮೆಗಾವಾಟ್ ಸಂಗ್ರಹ ಸಾಮರ್ಥ್ಯದ ಬ್ಯಾಟರಿ’ ಎಂದರೆ ಅದು ಅರ್ಧ ಗಂಟೆಯಲ್ಲಿ ಬರಿದಾಗುತ್ತದೆಯೋ ನಾಲ್ಕು ಗಂಟೆ ಬಾಳುತ್ತದೆಯೋ ತಿಳಿಯುವುದಿಲ್ಲ. 100 ಮೆಗಾವಾಟ್, 400 ಮೆಗಾವಾಟ್-ಅವರ್ ಎಂದು ಎರಡನ್ನೂ ಕೊಟ್ಟಾಗ ಮಾತ್ರ ನಾಲ್ಕು ಗಂಟೆ ಎಂಬ ಉತ್ತರ ತಾನಾಗಿ ಹೊರಬೀಳುತ್ತದೆ. ಇಲ್ಲಿ ಕನ್ನಡದ ‘ಸಾಮರ್ಥ್ಯ’ ಎಂಬ ಪದ ಕೆಲಸದ ದರಕ್ಕೂ ತುಂಬಿಕೊಳ್ಳುವ ಅಳವಿಗೂ ಬಳಕೆಯಾಗುವುದರಿಂದ ಗೊಂದಲ ಇಮ್ಮಡಿಯಾಗುತ್ತದೆ ಎಂಬುದನ್ನು ಒಪ್ಪುತ್ತೇನೆ. ಅದಕ್ಕಾಗಿ ಹೊಸ ಪದವೊಂದನ್ನು ಟಂಕಿಸುವ ಅಗತ್ಯವೇನೂ ಇಲ್ಲ, ಏಕಮಾನವನ್ನು ಪೂರ್ತಿಯಾಗಿ ಬರೆದರೆ ಪದದ ಸಡಿಲವನ್ನು ಅದೇ ಬಿಗಿಗೊಳಿಸುತ್ತದೆ. (ಮೊಬೈಲ್ ಫೋನಿನ ಜಾಹೀರಾತುಗಳಲ್ಲಿ ಬರುವ 5,000 ಮಿಲಿಆಂಪಿಯರ್-ಅವರ್ ಎಂಬುದು ವಿದ್ಯುದಂಶದ ಅಳತೆ, ಶಕ್ತಿಯದಲ್ಲ. ಬ್ಯಾಟರಿಯ ವೋಲ್ಟೇಜಿನಿಂದ ಗುಣಿಸಿದಾಗಲೇ ಅದರಲ್ಲಿ ಎಷ್ಟು ಶಕ್ತಿಯಿದೆ ಎಂಬುದು ಗೊತ್ತಾಗುವುದು.)

ಇಷ್ಟು ಸೂಕ್ಷ್ಮ ಸಾಮಾನ್ಯ ಓದುಗರಿಗೇಕೆ ಎಂದು ಕೇಳುವವರಿದ್ದಾರೆ. ಈ ಭೇದಗಳು ವಿಜ್ಞಾನಿಗಳಿಗೂ ಸುಲಭವಾಗಿ ದಕ್ಕಿದವಲ್ಲ ಎಂಬುದನ್ನು ಅವರು ಗಮನಿಸಬೇಕು. 1847ರಲ್ಲಿ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಶಕ್ತಿ ಸಂರಕ್ಷಣೆಯ ನಿಯಮವನ್ನು ವಿವರಿಸಿದ ಪ್ರಸಿದ್ಧ ಪ್ರಬಂಧದ ಜರ್ಮನ್ ಶೀರ್ಷಿಕೆಯಲ್ಲಿ ಬಳಸಿದ ಪದ, ನಾವು ಇಂದು ಬಲ ಎಂದು ಕರೆಯುವ ಪರಿಮಾಣದ್ದು. ಶಕ್ತಿಗೆ ಇಂದು ಬಳಕೆಯಲ್ಲಿರುವ ಇಂಗ್ಲಿಷ್ ಪದವನ್ನು ಥಾಮಸ್ ಯಂಗ್ 1807ರಷ್ಟು ಹಿಂದೆಯೇ ಭೌತಶಾಸ್ತ್ರಕ್ಕೆ ತಂದಿದ್ದರೂ ಅದು ನೆಲೆನಿಲ್ಲಲು ಸುಮಾರು ಅರ್ಧ ಶತಮಾನ ಹಿಡಿಯಿತು. ಬಲ ಬೇರೆ, ಶಕ್ತಿ ಬೇರೆ ಎಂದು ಹೆಸರುಗಳು ಬೇರ್ಪಟ್ಟ ಮೇಲೆಯೇ ಉಗಿಯಂತ್ರದಿಂದ ಹಿಡಿದು ಜೀವಿಗಳ ದೇಹದವರೆಗೆ ಎಲ್ಲದಕ್ಕೂ ಒಂದೇ ಲೆಕ್ಕಪುಸ್ತಕ ಸಾಧ್ಯವಾಯಿತು. ಅಷ್ಟು ಕಷ್ಟಪಟ್ಟು ಬಿಡಿಸಿದ ಗಂಟನ್ನು ಸುದ್ದಿಮನೆಯ ಅವಸರದಲ್ಲಿ ಮತ್ತೆ ಬಿಗಿಯುವುದು ನ್ಯಾಯವಲ್ಲ.

ಉಷ್ಣ ಮತ್ತು ತಾಪದ ವಿಷಯವೂ ಇದೇ ಜಾತಿಯದು. ಉಷ್ಣಾಂಶ, ತಾಪಮಾನ, ಉಷ್ಣತೆ, ತಾಪ ಎಂಬ ನಾಲ್ಕು ಪದಗಳು ಒಂದೇ ಪರಿಮಾಣಕ್ಕೆ ಬಳಕೆಯಲ್ಲಿವೆ. ಯಾವುದನ್ನು ಬೇಕಾದರೂ ಇಟ್ಟುಕೊಳ್ಳಬಹುದು, ಆದರೆ ಒಂದೇ ವರದಿಯಲ್ಲಿ ಮೂರನ್ನು ಬೆರೆಸಿದರೆ ಓದುವವರು ಅವು ಮೂರು ಬೇರೆ ಬೇರೆ ಸಂಗತಿಗಳೆಂದು ಭಾವಿಸುತ್ತಾರೆ. ನಿಜವಾಗಿ ಬೇರೆಯಾಗಿರುವುದು ಉಷ್ಣ. ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿರುವ ಒಂದು ಕಿಲೋಗ್ರಾಂ ಮಂಜುಗಡ್ಡೆಯನ್ನು ಕರಗಿಸಲು ಸುಮಾರು 3,34,000 ಜೌಲ್ ಉಷ್ಣ ಬೇಕು. ಅಷ್ಟೂ ಉಷ್ಣ ಒಳಗೆ ಹೋಗುತ್ತಿರುವಾಗ ತಾಪಮಾಪಕ ಸೊನ್ನೆಯಿಂದ ಕದಲುವುದಿಲ್ಲ. ಗಡ್ಡೆ ಪೂರ್ತಿ ಕರಗಿ ನೀರಾದ ಮೇಲೆ ಅಷ್ಟೇ ಉಷ್ಣವನ್ನು ಆ ನೀರಿಗೆ ಕೊಟ್ಟರೆ ಅದರ ತಾಪ ಸುಮಾರು 80 ಡಿಗ್ರಿಗೆ ಏರುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಜೋಸೆಫ್ ಬ್ಲ್ಯಾಕ್ ಈ ಗುಪ್ತೋಷ್ಣವನ್ನು ಗುರುತಿಸಿದಾಗಲೇ ಉಷ್ಣ ಮತ್ತು ತಾಪ ಎರಡು ಬೇರೆ ಪರಿಮಾಣಗಳೆಂಬುದು ಸ್ಪಷ್ಟವಾದದ್ದು. ಧ್ರುವ ಪ್ರದೇಶದ ಹಿಮ ಕರಗುವ ಸುದ್ದಿಯನ್ನು ಬರೆಯುವವರಿಗೆ ಇದು ತಿಳಿದಿದ್ದರೆ, ಅಲ್ಲಿನ ತಾಪ ಅಷ್ಟೇನೂ ಏರಿಲ್ಲವಾದ್ದರಿಂದ ಸಮಸ್ಯೆಯಿಲ್ಲ ಎಂಬ ವಾದವನ್ನು ಅವರು ಪ್ರಶ್ನಿಸದೆ ಅಚ್ಚುಹಾಕುವುದಿಲ್ಲ.

ತಾಪದ ವಿಚಾರದಲ್ಲಿಯೇ ಪರಿವರ್ತನೆಯ ತಪ್ಪೊಂದು ಮತ್ತೆ ಮತ್ತೆ ಕಾಣಿಸುತ್ತದೆ. ‘ತಾಪ 9 ಡಿಗ್ರಿ ಫ್ಯಾರನ್‌ಹೀಟ್ ಏರಿತು’ ಎಂಬುದನ್ನು ಸೆಲ್ಸಿಯಸ್‌ಗೆ ತಿರುಗಿಸುವವರು ಸಿದ್ಧ ಪರಿವರ್ತಕಕ್ಕೆ ಅಂಕಿಯನ್ನು ಕೊಟ್ಟರೆ ಮೈನಸ್ 12.8 ಎಂಬ ಉತ್ತರ ಬರುತ್ತದೆ. ಅದು 9 ಡಿಗ್ರಿ ಎಂಬ ಓದಿಗೆ ಉತ್ತರ, 9 ಡಿಗ್ರಿಯ ಏರಿಕೆಗೆ ಸರಿಯಾದ ಉತ್ತರ 5 ಡಿಗ್ರಿ. ಹಾಗೆಯೇ 20 ಡಿಗ್ರಿ ಸೆಲ್ಸಿಯಸ್ 40 ಆದರೆ ‘ತಾಪ ದುಪ್ಪಟ್ಟಾಯಿತು’ ಎನ್ನಲಾಗದು. ಸೆಲ್ಸಿಯಸ್‌ನ ಸೊನ್ನೆ ನೀರು ಹೆಪ್ಪುಗಟ್ಟುವ ಬಿಂದುವೇ ಹೊರತು ಉಷ್ಣಚಲನೆಯ (ಕಣಗಳ ಕದಲಿಕೆಯ) ಸೊನ್ನೆಯಲ್ಲ. ಆ ಸೊನ್ನೆಯಿಂದ ಎಣಿಸುವ ಕೆಲ್ವಿನ್‌ನಲ್ಲಿ ನೋಡಿದರೆ ಈ ಏರಿಕೆ ಶೇ 7ರಷ್ಟು ಮಾತ್ರ. ಅಂದ ಹಾಗೆ ಕೆಲ್ವಿನ್‌ನ ಹಿಂದೆ ‘ಡಿಗ್ರಿ’ ಬರೆಯುವ ಪದ್ಧತಿಯನ್ನು ಅಂತರರಾಷ್ಟ್ರೀಯ ಅಳತೆ ಸಮ್ಮೇಳನ 1967ರಲ್ಲಿಯೇ ಕೈಬಿಟ್ಟಿದೆ.

ಬಾಹ್ಯಾಕಾಶ ಯಾನದ ವರದಿಗಳಲ್ಲಿ ‘ಗುರುತ್ವಾಕರ್ಷಣೆಯೇ ಇಲ್ಲದ ಬಾಹ್ಯಾಕಾಶ ನಿಲ್ದಾಣ’ ಎಂಬ ಮಾತು ಬರದೆ ಇರುವುದು ಅಪರೂಪ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವಿರುವುದು ಭೂಮಿಯ ಮೇಲ್ಮೈಯಿಂದ ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿ ಭೂಮಿಯ ಗುರುತ್ವ ನೆಲದ ಮೇಲಿರುವುದರ ಶೇ 89ರಷ್ಟು ಇದ್ದೇ ಇದೆ. ಅದು ಇಲ್ಲದೆ ಹೋಗಿದ್ದರೆ ನಿಲ್ದಾಣ ಸುಮಾರು 90 ನಿಮಿಷಕ್ಕೊಮ್ಮೆ ಭೂಮಿಯನ್ನು ಸುತ್ತುವ ಬದಲು ನೇರ ಗೆರೆಯಲ್ಲಿ ಹೊರಟುಹೋಗುತ್ತಿತ್ತು. ಯಾತ್ರಿಗಳು ತೇಲುವುದು ಅವರೂ ನಿಲ್ದಾಣವೂ ಒಂದೇ ರೀತಿಯಲ್ಲಿ ಭೂಮಿಯ ಕಡೆಗೆ ಸತತವಾಗಿ ಬೀಳುತ್ತಿರುವುದರಿಂದ. ಸೆಕೆಂಡಿಗೆ ಸುಮಾರು 7.7 ಕಿಲೋಮೀಟರ್‌ನಂತೆ ಅಡ್ಡಡ್ಡಲಾಗಿ ಸಾಗುತ್ತಿರುವ ಕಾರಣ ಆ ಬೀಳುವಿಕೆ ನೆಲವನ್ನು ಮುಟ್ಟುವುದಿಲ್ಲ, ಅಷ್ಟೆ. ತೂಕರಹಿತ ಸ್ಥಿತಿ ಎಂಬ ಪದ ಇಲ್ಲಿ ತಕ್ಕಮಟ್ಟಿಗೆ ಸರಿ, ಶೂನ್ಯ ಗುರುತ್ವ ಎಂಬುದು ಸರಿಯಲ್ಲ.

ಇದೇ ಪ್ರಸಂಗದಲ್ಲಿ ತೂಕವನ್ನೂ ದ್ರವ್ಯರಾಶಿಯನ್ನೂ ಬೇರೆಯಾಗಿ ನೋಡಬೇಕಾಗುತ್ತದೆ. ದಿನನಿತ್ಯದ ಮಾತಿನಲ್ಲಿ ‘ನನ್ನ ತೂಕ 60 ಕೆ.ಜಿ.’ ಎನ್ನುವುದನ್ನು ತಿದ್ದಲು ಹೋಗುವುದು ವ್ಯರ್ಥ ಶ್ರಮ, ಅದನ್ನು ನಾನೂ ಮಾಡುವುದಿಲ್ಲ. ಆದರೆ ಕಿಲೋಗ್ರಾಂ ದ್ರವ್ಯರಾಶಿಯ ಏಕಮಾನ, ತೂಕ ಎಂಬುದು ಒಂದು ಬಲ ಎಂದು 1901ರ ಅಳತೆ ಸಮ್ಮೇಳನವೇ ಘೋಷಿಸಿದೆ. ಕಕ್ಷೆಯಲ್ಲಿ ತಕ್ಕಡಿ ಕೆಲಸ ಮಾಡುವುದಿಲ್ಲ, ದ್ರವ್ಯರಾಶಿ ಮಾತ್ರ ಒಂದಿಷ್ಟೂ ಕಡಿಮೆಯಾಗಿರುವುದಿಲ್ಲ. 1973ರಲ್ಲಿ ಅಮೆರಿಕದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್‌ನಲ್ಲಿದ್ದ ಯಾತ್ರಿಗಳು ತಮ್ಮ ದೇಹದ ದ್ರವ್ಯರಾಶಿಯನ್ನು ತಿಳಿಯಲು ಸ್ಪ್ರಿಂಗ್ ಅಳವಡಿಸಿದ ಆಸನದಲ್ಲಿ ಕುಳಿತು ಹಿಂದೆ ಮುಂದೆ ತೂಗುತ್ತಿದ್ದರು. ದ್ರವ್ಯರಾಶಿ ಹೆಚ್ಚಿದಷ್ಟೂ ಆ ತೂಗಾಟ ನಿಧಾನ, ಅದರ ಅವಧಿಯಿಂದಲೇ ಲೆಕ್ಕ ಸಿಗುತ್ತಿತ್ತು. ತೇಲುತ್ತಿರುವ ಭಾರಿ ಪೆಟ್ಟಿಗೆಗೂ ಗೋಡೆಗೂ ನಡುವೆ ಕೈ ಸಿಕ್ಕಿಕೊಂಡರೆ ಅಲ್ಲಿಯೂ ಮೂಳೆ ಮುರಿಯಬಹುದು. ‘ಬಾಹ್ಯಾಕಾಶದಲ್ಲಿ ಎಲ್ಲವೂ ಹಗುರ’ ಎಂದು ಬರೆಯುವ ಮುನ್ನ ಇದನ್ನು ನೆನೆಯುವುದು ಒಳ್ಳೆಯದು.

ಭೂಕಂಪದ ಸುದ್ದಿಗಳಲ್ಲಿ ‘ರಿಕ್ಟರ್ ಮಾಪಕದಲ್ಲಿ 6.2 ತೀವ್ರತೆ ದಾಖಲಾಗಿದೆ’ ಎಂಬುದು ಅಚ್ಚುಹೊಯ್ದ ವಾಕ್ಯವಾಗಿಬಿಟ್ಟಿದೆ. ಇಷ್ಟು ಚಿಕ್ಕ ವಾಕ್ಯದಲ್ಲಿ ಮೂರು ತೊಡಕುಗಳಿವೆ. ತಾಪಮಾಪಕ, ವಾಯುಭಾರಮಾಪಕ ಎಂಬಲ್ಲಿ ಮಾಪಕವೆಂದರೆ ಉಪಕರಣ, ಹಾಗಾಗಿ ರಿಕ್ಟರ್ ಎಂಬ ಯಂತ್ರವೊಂದು ಎಲ್ಲೋ ನೆಟ್ಟಿದೆ ಎಂದು ಓದುಗರು ನಂಬುತ್ತಾರೆ. ಅದು ಚಾರ್ಲ್ಸ್ ರಿಕ್ಟರ್ 1935ರಲ್ಲಿ ರೂಪಿಸಿದ ಲೆಕ್ಕಾಚಾರದ ಶ್ರೇಣಿ. ದೊಡ್ಡ ಭೂಕಂಪಗಳನ್ನು ಅದು ಸರಿಯಾಗಿ ಅಳೆಯಲಾರದು, ಆದ್ದರಿಂದ 1979ರಲ್ಲಿ ಭೂಕಂಪಶಾಸ್ತ್ರಜ್ಞರಾದ ಹ್ಯಾಂಕ್ಸ್ ಮತ್ತು ಕನಮೊರಿ ಮುಂದಿಟ್ಟ ಶ್ರೇಣಿಯೇ ಇಂದು ದೊಡ್ಡ ಕಂಪನಗಳಿಗೆ ಬಳಕೆಯಾಗುತ್ತಿದೆ. ಮೂರನೆಯದಾಗಿ, ಅಲ್ಲಿ ಕೊಟ್ಟ ಅಂಕಿ ತೀವ್ರತೆಯದೇ ಅಲ್ಲ. ಭೂಕಂಪದ ಮೂಲದಲ್ಲಿ ಬಿಡುಗಡೆಯಾದದ್ದರ ಗಾತ್ರವನ್ನು ಹೇಳುವ ಆ ಅಂಕಿ ಒಂದು ಕಂಪನಕ್ಕೆ ಒಂದೇ ಇರುತ್ತದೆ. ತೀವ್ರತೆ ಎಂಬುದು ಒಂದೊಂದು ಸ್ಥಳದಲ್ಲಿ ನೆಲ ಎಷ್ಟು ಅಲುಗಿತು, ಏನೇನು ಹಾನಿಯಾಯಿತು ಎಂಬುದರ ಅಳತೆ. ಅದು ಕೇಂದ್ರದಿಂದ ದೂರ ಸರಿದಂತೆ, ಮಣ್ಣಿನ ಗುಣ ಬದಲಾದಂತೆ ಬದಲಾಗುತ್ತದೆ. ಗಾತ್ರ ಸಣ್ಣದಾದರೂ ಆಳ ಕಡಿಮೆಯಿದ್ದರೆ ಮೇಲಿನ ಊರು ನೆಲಸಮವಾಗಬಹುದು. ಎರಡಕ್ಕೂ ಒಂದೇ ಹೆಸರಿಟ್ಟರೆ, 6.2ರ ಕಂಪನದಲ್ಲಿ ಅಪಾರ ಸಾವುನೋವಾಗಿ 7ರ ಕಂಪನದಲ್ಲಿ ಏನೂ ಆಗದಿದ್ದಾಗ ಅದನ್ನು ವಿವರಿಸಲು ವರದಿಗಾರರ ಬಳಿ ಪದವೇ ಉಳಿದಿರುವುದಿಲ್ಲ. ಜೊತೆಗೆ, ಈ ಶ್ರೇಣಿಯಲ್ಲಿ ಒಂದು ಅಂಕ ಏರಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 32 ಪಟ್ಟು, ಎರಡು ಅಂಕ ಏರಿದರೆ ಸಾವಿರ ಪಟ್ಟು ಹೆಚ್ಚುತ್ತದೆ ಎಂಬ ಒಂದು ಸಾಲನ್ನು ಸೇರಿಸಿದರೆ 6ಕ್ಕೂ 8ಕ್ಕೂ ಇರುವ ಅಂತರ ಓದುಗರಿಗೆ ಮನದಟ್ಟಾಗುತ್ತದೆ.

ವಿಕಿರಣದ ವಿಷಯದಲ್ಲಿ ಪದದ ಗೊಂದಲ ಭಯವನ್ನೇ ಹುಟ್ಟಿಸುತ್ತದೆ. ಬೆಳಕು, ರೇಡಿಯೊ ಅಲೆ, ಎಕ್ಸ್-ಕಿರಣ ಎಲ್ಲವೂ ವಿಕಿರಣವೇ. ತನ್ನಷ್ಟಕ್ಕೆ ಕ್ಷಯಿಸುತ್ತಾ ವಿಕಿರಣ ಸೂಸುವ ಪರಮಾಣುಗಳುಳ್ಳ ವಸ್ತು ಮಾತ್ರ ವಿಕಿರಣಶೀಲ. ಎಕ್ಸ್-ಕಿರಣದ ಪರೀಕ್ಷೆ ಮಾಡಿಸಿಕೊಂಡವರು ವಿಕಿರಣಕ್ಕೆ ಒಡ್ಡಿಕೊಂಡಿರುತ್ತಾರೆ, ಆದರೆ ಅವರು ವಿಕಿರಣಶೀಲರಾಗುವುದಿಲ್ಲ. ಅಳತೆಯಲ್ಲಿಯೂ ಬೆಕರೆಲ್ ಎಂಬುದು ಸೆಕೆಂಡಿಗೆ ಒಂದು ಪರಮಾಣು ಕ್ಷಯವನ್ನು ಹೇಳಿದರೆ, ಸೀವರ್ಟ್ ದೇಹದ ಮೇಲಾಗುವ ಪರಿಣಾಮದ ಅಂದಾಜನ್ನು ಹೇಳುತ್ತದೆ. ‘ಸಾವಿರಾರು ಬೆಕರೆಲ್ ವಿಕಿರಣ ಪತ್ತೆ’ ಎಂದು ದಪ್ಪಕ್ಷರದಲ್ಲಿ ಬರೆಯುವವರಿಗೆ, ಆರೋಗ್ಯವಂತ ವಯಸ್ಕರ ದೇಹದಲ್ಲಿರುವ ಸಹಜ ಪೊಟ್ಯಾಸಿಯಂನಿಂದಲೇ ಸುಮಾರು 4,000 ಬೆಕರೆಲ್‌ನಷ್ಟು ಕ್ಷಯ ಸದಾ ನಡೆಯುತ್ತಿರುತ್ತದೆ ಎಂಬುದು ತಿಳಿದಿರಬೇಕು.

ವಿದ್ಯುತ್ ಅವಘಡದ ವರದಿಗಳಲ್ಲಿ ‘ಸಾವಿರಾರು ವೋಲ್ಟ್ ದೇಹದಲ್ಲಿ ಹರಿದು’ ಎಂದು ಬರುತ್ತದೆ. ವೋಲ್ಟ್ ಹರಿಯುವುದಿಲ್ಲ, ಅದು ಎರಡು ಬಿಂದುಗಳ ನಡುವಿನ ವಿಭವಾಂತರ, ಪ್ರವಾಹವನ್ನು ತಳ್ಳುವ ಅಂತರ. ಹರಿಯುವುದು ಆಂಪಿಯರ್‌ನಲ್ಲಿ ಅಳೆಯುವ ಪ್ರವಾಹ, ಆಂಪಿಯರ್‌ನ ಕೆಲವೇ ನೂರನೇ ಭಾಗಗಳಷ್ಟು ಪ್ರವಾಹ ಎದೆಯ ಮೂಲಕ ಹಾದರೂ ಪ್ರಾಣ ಹೋಗಬಹುದು. ವೋಲ್ಟನ್ನೇ ಕೊಲೆಗಾರನನ್ನಾಗಿಸಿದ ವರದಿಗಳನ್ನು ಓದಿ ಓದಿ, ಎತ್ತರದ ತಂತಿಗಳಷ್ಟೇ ಅಪಾಯಕಾರಿ, ಮನೆಯ ಸ್ವಿಚ್ಚು ಪರವಾಗಿಲ್ಲ ಎಂಬ ಭಾವನೆ ಬೆಳೆದರೆ ಅದರ ಹೊಣೆಯಲ್ಲಿ ಭಾಷೆಗೂ ಪಾಲಿದೆ. ಜ್ಯೋತಿರ್ವರ್ಷವನ್ನು ಕಾಲದ ಅಳತೆಯೆಂದು ಬಳಸುವ ಚಾಳಿಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಅದು ದೂರ, ಸುಮಾರು 9.46 ಲಕ್ಷ ಕೋಟಿ ಕಿಲೋಮೀಟರ್.

ಇದರ ಇನ್ನೊಂದು ಮುಖ ಜಾಹೀರಾತುಗಳದ್ದು. ಮನೆಯಲ್ಲಿ ಧನಾತ್ಮಕ ಶಕ್ತಿ ತುಂಬುವುದಾಗಿ ಹೇಳುವವರ ಮಾತನ್ನು ನಂಬಿಕೆಯ ವಿಷಯವೆಂದು ಬಿಟ್ಟುಬಿಡಬಹುದು. ಅದೇ ವಸ್ತು ‘ಇಷ್ಟು ಹರ್ಟ್ಸ್ ಆವೃತ್ತಿಯ ಕ್ವಾಂಟಂ ತರಂಗ’ ಹೊಮ್ಮಿಸುತ್ತದೆ ಎಂದು ಅಂಕಿಸಮೇತ ಬರೆದೊಡನೆ ಅದು ಪರೀಕ್ಷೆಗೆ ಒಳಪಡಬೇಕಾದ ಹೇಳಿಕೆಯಾಗುತ್ತದೆ. ಯಾವುದರ ಆವೃತ್ತಿ, ಯಾವ ಉಪಕರಣದಿಂದ ಅಳೆದದ್ದು ಎಂಬ ಎರಡು ಪ್ರಶ್ನೆಗಳನ್ನು ಕೇಳದೆ ಅಂಥದನ್ನು ಸುದ್ದಿಯ ಪುಟದಲ್ಲಿ ಲೇಖನದ ರೂಪದಲ್ಲಿ ಪ್ರಕಟಿಸಬಾರದು.

ಹಾಗೆಂದು ಪಠ್ಯಪುಸ್ತಕದ ಪ್ರತಿಯೊಂದು ಪದವನ್ನೂ ಪತ್ರಿಕೆಗಳು ಹೊತ್ತು ತರಬೇಕೆಂಬುದು ನನ್ನ ಆಗ್ರಹವಲ್ಲ. ಜವ ಮತ್ತು ವೇಗದ ಭೇದ ದಿಕ್ಕನ್ನು ಲೆಕ್ಕಕ್ಕೆ ಹಿಡಿಯುವ ತರಗತಿಗೆ ಬೇಕು, ‘ಗಂಟೆಗೆ 80 ಕಿಲೋಮೀಟರ್ ವೇಗ’ ಎಂಬ ವರದಿಯಿಂದ ಯಾರಿಗೂ ದಾರಿ ತಪ್ಪುವುದಿಲ್ಲ. ಪತ್ರಿಕೆಗಳೇ ರೂಢಿಗೆ ತಂದ ಕೆಲವು ಪದಗಳು ಪಾರಿಭಾಷಿಕ ಪದಗಳಿಗಿಂತ ಸೊಗಸಾಗಿವೆ. ವಾಯುಭಾರ ಕುಸಿತ ಎಂಬುದನ್ನೇ ತೆಗೆದುಕೊಳ್ಳಿ. ವಾತಾವರಣದ ಒತ್ತಡವೆಂದರೆ ತಲೆಯ ಮೇಲಿರುವ ಗಾಳಿಯ ಕಂಬದ ಭಾರವೇ ಆಗಿರುವುದರಿಂದ ಆ ಪದ ಕಾರಣವನ್ನೂ ತನ್ನೊಳಗೆ ಹೇಳಿಬಿಡುತ್ತದೆ.

ತಮ್ಮ ಸುದ್ದಿಮನೆಯಲ್ಲಿ ಊರು, ವ್ಯಕ್ತಿ, ಹುದ್ದೆಗಳ ಹೆಸರನ್ನು ಬರೆಯಬೇಕಾದ ಕ್ರಮಕ್ಕೆ ಶೈಲಿಪತ್ರವೊಂದು ಇದ್ದೇ ಇರುತ್ತದೆ. ಅದಕ್ಕೆ ಏಕಮಾನಗಳ ಒಂದು ಪುಟವನ್ನು ಸೇರಿಸಿ, ಅದರಲ್ಲಿ ಮೆಗಾವಾಟ್ ಯಾವುದರ ಅಳತೆ, ಮೆಗಾವಾಟ್-ಅವರ್ ಯಾವುದರದು, ಭೂಕಂಪದ ಅಂಕಿಯನ್ನು ಏನೆಂದು ಕರೆಯಬೇಕು, ತಾಪದ ಏರಿಕೆಯನ್ನು ಹೇಗೆ ಪರಿವರ್ತಿಸಬೇಕು ಎಂಬಷ್ಟನ್ನು ಬರೆದಿಟ್ಟರೆ ರಾತ್ರಿಪಾಳಿಯ ಉಪಸಂಪಾದಕರಿಗೆ ಅನುಕೂಲವಾದೀತು. ವ್ಯಕ್ತಿಯ ಹೆಸರು ತಪ್ಪಾದಾಗ ಮರುದಿನ ತಿದ್ದುಪಡಿ ಪ್ರಕಟಿಸುವ ಸೌಜನ್ಯವನ್ನು ಪತ್ರಿಕೆಗಳು ಪಾಲಿಸುತ್ತಿವೆ. ‘ನಿನ್ನೆಯ ಸಂಚಿಕೆಯಲ್ಲಿ 400 ಮೆಗಾವಾಟ್ ಎಂದಿರುವುದನ್ನು 400 ಮೆಗಾವಾಟ್-ಅವರ್ ಎಂದು ಓದಿಕೊಳ್ಳಬೇಕು’ ಎಂಬ ಸಾಲಿಗೂ ಅದೇ ಅಂಕಣದಲ್ಲಿ ಜಾಗ ಕೊಡಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಭೌತಶಾಸ್ತ್ರದ ಒಬ್ಬ ಅಧ್ಯಾಪಕ